ರೀಕಾಲ್ ಸೂಚನೆ: ವಾಹನ ಮಾಲೀಕರು ಕಡೆಗಣಿಸಬಾರದ ಕರೆ

ಭತ್ತದ ಕೊಯ್ಲು ಆರಂಭವಾಯಿತೆಂದರೆ ಜವಳಗೇರಾದ ಮೂಲಕ ಹಾದುಹೋಗುವ ಸಿಂಧನೂರು-ರಾಯಚೂರು ರಸ್ತೆಗೆ ಹಗಲು ರಾತ್ರಿಯ ಭೇದವಿರುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗದ್ದೆಗಳಿಂದ, ಸುತ್ತಲಿನ ಕ್ಯಾಂಪುಗಳಿಂದ ಭತ್ತದ ಚೀಲ ಹೊತ್ತ ಲಾರಿ, ಪಿಕಪ್ ಹಾಗೂ ಟ್ರ್ಯಾಕ್ಟರುಗಳು ಗಿರಣಿಗಳತ್ತ ಸಾಗುತ್ತವೆ. ಬೀಜ, ಗೊಬ್ಬರ, ಕಿರಾಣಿ, ಸಿಮೆಂಟು ಸಾಗಿಸುವ ಸಣ್ಣ ಗೂಡ್ಸ್ ಗಾಡಿಗಳಿಗೂ ಬಿಡುವಿಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರು ಭಾಗದ ವರ್ತಕರಿಗೆ ವಾಹನವೂ ಬಂಡವಾಳವೇ. ಆದರೆ ಅಂಗಡಿಯ ದಾಸ್ತಾನನ್ನು ದಿನವೂ ತಾಳೆ ನೋಡುವ ವರ್ತಕರು ಆ ದಾಸ್ತಾನು ಹೊರುವ ಗಾಡಿಯ ಕಾಗದಪತ್ರಗಳನ್ನು ವಿಮೆಯ ಕಂತು ಕಟ್ಟುವ ದಿನ ಮಾತ್ರ ತೆಗೆದು ನೋಡುವುದು ಸಾಮಾನ್ಯ. ಈ ಅಲಕ್ಷ್ಯದಿಂದಾಗಿ ವಾಹನ ತಯಾರಕರು ಹೊರಡಿಸುವ ಒಂದು ಮುಖ್ಯ ಸೂಚನೆ ಅನೇಕರ ಕೈಗೆ ತಲುಪದೇ ಹೋಗುತ್ತದೆ. ಅದೇ ರೀಕಾಲ್, ಅಂದರೆ ದೋಷವಿರುವ ವಾಹನಗಳನ್ನು ಕಂಪೆನಿಯು ವಾಪಸು ಕರೆಸಿ ಉಚಿತವಾಗಿ ಸರಿಪಡಿಸಿಕೊಡುವ ವ್ಯವಸ್ಥೆ.

ರೀಕಾಲ್ ಎಂದರೇನು?

ವಾಹನ ಮಾರಾಟವಾದ ಬಳಿಕ ಅದರ ವಿನ್ಯಾಸದಲ್ಲಿಯೋ ಬಿಡಿಭಾಗದಲ್ಲಿಯೋ ಜೋಡಣೆಯಲ್ಲಿಯೋ ಸುರಕ್ಷತೆಗೆ ಧಕ್ಕೆ ತರುವ ದೋಷವಿರುವುದು ಕೆಲವೊಮ್ಮೆ ಬೆಳಕಿಗೆ ಬರುತ್ತದೆ. ಆಗ ಕಂಪೆನಿಯು ದೋಷಪೂರಿತ ಭಾಗ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ತಯಾರಾದ ವಾಹನಗಳಲ್ಲಿ ಸೇರಿದೆ ಎಂಬುದನ್ನು ಗುರುತಿಸಿ, ಅವುಗಳ ಚಾಸಿಸ್ ನಂಬರುಗಳ ಪಟ್ಟಿ ಮಾಡಿ, ಮಾಲೀಕರಿಗೆ ತಿಳಿಸುತ್ತದೆ. ಅಧಿಕೃತ ಸರ್ವೀಸ್ ಕೇಂದ್ರದಲ್ಲಿ ತಪಾಸಣೆ ನಡೆಯುತ್ತದೆ. ದೋಷ ಕಂಡುಬಂದರೆ ಬಿಡಿಭಾಗವನ್ನು ಬದಲಿಸಲಾಗುತ್ತದೆ. ಇದಕ್ಕೆ ಮಾಲೀಕರು ಹಣ ಕೊಡಬೇಕಾಗಿಲ್ಲ.

ಪಟ್ಟಿಯಲ್ಲಿರುವ ಪ್ರತಿಯೊಂದು ವಾಹನದಲ್ಲಿಯೂ ದೋಷವಿರುತ್ತದೆಂದು ತಿಳಿಯಬೇಕಾಗಿಲ್ಲ. ರಾಯಲ್ ಎನ್‌ಫೀಲ್ಡ್ ಕಂಪೆನಿಯು 2021ರ ಮೇ ತಿಂಗಳಲ್ಲಿ ಇಗ್ನಿಷನ್ ಕಾಯಿಲ್ ದೋಷದ ಕಾರಣ ಕ್ಲಾಸಿಕ್, ಬುಲೆಟ್ ಹಾಗೂ ಮೀಟಿಯೊರ್ ಮಾದರಿಯ 2,36,966 ಮೋಟಾರ್ ಸೈಕಲ್ಲುಗಳನ್ನು ಭಾರತ ಹಾಗೂ ಕೆಲವು ಹೊರದೇಶಗಳಲ್ಲಿ ತಪಾಸಣೆಗೆ ಕರೆಸಿತು. ಈ ದೋಷದಿಂದ ಇಂಜಿನ್ ತಡವರಿಸಬಹುದು, ಅಪರೂಪಕ್ಕೆ ಶಾರ್ಟ್ ಸರ್ಕ್ಯೂಟ್ ಆಗಬಹುದು ಎಂಬುದು ಕಾರಣವಾಗಿತ್ತು. ಭಾಗ ಬದಲಿಸಬೇಕಾದ ವಾಹನಗಳು ಶೇ. 10ಕ್ಕಿಂತ ಕಡಿಮೆ ಇರಬಹುದೆಂದು ಕಂಪೆನಿಯೇ ಅಂದಾಜಿಸಿತ್ತು. ಆದರೆ ತನ್ನ ಗಾಡಿ ಆ ಹತ್ತರಲ್ಲಿದೆಯೋ ಉಳಿದ ತೊಂಬತ್ತರಲ್ಲಿದೆಯೋ ಎಂಬುದು ತಪಾಸಣೆಯಾಗದ ಹೊರತು ಯಾರಿಗೂ ತಿಳಿಯದು.

ವಿದ್ಯುತ್ ದೋಷವೇ ಏಕೆ ಅಪಾಯಕಾರಿ?

ಬ್ರೇಕ್ ಸವೆದರೆ ಸದ್ದು ಬರುತ್ತದೆ. ಟೈರು ಸವೆದರೆ ಕಣ್ಣಿಗೆ ಕಾಣುತ್ತದೆ. ವೈರಿಂಗ್ ದೋಷ ಮಾತ್ರ ಹೊದಿಕೆಯೊಳಗೆ ಅಡಗಿರುತ್ತದೆ. ಸಡಿಲವಾದ ಜೋಡಣೆಯಲ್ಲಿ ವಿದ್ಯುತ್ ಪ್ರವಾಹಕ್ಕೆ ತಡೆಯುಂಟಾಗಿ ಶಾಖ ಹುಟ್ಟುತ್ತದೆ. ಲೋಹದ ಅಂಚಿಗೆ ಉಜ್ಜಿ ಹೊದಿಕೆ ಹರಿದ ತಂತಿಯು ವಾಹನದ ಚೌಕಟ್ಟಿಗೆ ತಗುಲಿದಾಗ ಕಿಡಿ ಹಾರುತ್ತದೆ. ಸ್ವಿಚ್ಚಿನೊಳಗೆ ನೀರು ಸೇರಿದರೂ ಇದೇ ಪರಿಣಾಮ. ಬ್ಯಾಟರಿಯಿಂದ ಹೊರಟ ಕೆಲವು ತಂತಿಗಳಲ್ಲಿ ಕೀಲಿ ತೆಗೆದ ಮೇಲೂ ವಿದ್ಯುತ್ ಇದ್ದೇ ಇರುತ್ತದೆ. ಆದುದರಿಂದ ನಿಲ್ಲಿಸಿದ ಗಾಡಿಗೂ ಬೆಂಕಿ ಹತ್ತಿಕೊಳ್ಳಬಹುದು. ಹತ್ತಿಯ ಅಂಡಿಗೆ, ಗೋಣಿಚೀಲ, ತೌಡು, ಎಣ್ಣೆ ಡಬ್ಬಿಗಳ ಪಕ್ಕದಲ್ಲಿಯೇ ರಾತ್ರಿ ಗಾಡಿ ನಿಲ್ಲಿಸುವ ಗೋದಾಮುಗಳಲ್ಲಿ ನಷ್ಟವು ಒಂದು ವಾಹನಕ್ಕೆ ಸೀಮಿತವಾಗಿ ಉಳಿಯಲಾರದು.

ದೇಶದ ಕೆಲವು ಪ್ರಕರಣಗಳು

2010ರ ಜನವರಿಯಲ್ಲಿ ಹೋಂಡಾ ಕಂಪೆನಿಯು ಭಾರತದಲ್ಲಿ 8,532 ಸಿಟಿ ಕಾರುಗಳನ್ನು ವಾಪಸು ಕರೆಸಿತು. ಕಿಟಕಿಯ ಪವರ್ ವಿಂಡೋ ಸ್ವಿಚ್ಚಿಗೆ ನೀರು ಸೇರಿ ಬೆಂಕಿ ಹೊತ್ತಿಕೊಳ್ಳಬಹುದೆಂಬುದು ಕಾರಣ. ಅದಕ್ಕೆ ಹಿಂದಿನ ವರ್ಷ ದಕ್ಷಿಣ ಆಫ್ರಿಕದಲ್ಲಿ ಇದೇ ಕಂಪೆನಿಯ ಕಾರಿಗೆ ಬೆಂಕಿ ತಗುಲಿ ಪುಟ್ಟ ಮಗುವೊಂದು ಅಸುನೀಗಿತ್ತು. ಅದೇ 2010ರ ನವೆಂಬರ್‌ನಲ್ಲಿ ಟಾಟಾ ಮೋಟಾರ್ಸ್ ಕಂಪೆನಿಯು ಬೆಂಕಿ ಪ್ರಕರಣಗಳ ಹಿನ್ನೆಲೆಯಲ್ಲಿ ನ್ಯಾನೊ ಕಾರುಗಳಿಗೆ ಹೆಚ್ಚುವರಿ ರಕ್ಷಣೆಯನ್ನು ಉಚಿತವಾಗಿ ಅಳವಡಿಸಿಕೊಡಲು ಮುಂದಾಯಿತು. ಇದು ರೀಕಾಲ್ ಅಲ್ಲವೆಂದು ಕಂಪೆನಿ ಹೇಳಿತು. ಹೆಸರು ಯಾವುದೇ ಇರಲಿ, ಉಚಿತ ಸುರಕ್ಷತಾ ಕೆಲಸಕ್ಕೆ ಕರೆ ಬಂದಾಗ ಹೋಗುವುದೇ ಲೇಸು.

ಮಾರುತಿ ಸುಜುಕಿ 2014ರ ಅಕ್ಟೋಬರ್‌ನಲ್ಲಿ ವೈರಿಂಗ್ ಹಾರ್ನೆಸ್ ಅಂದರೆ ತಂತಿಗಳ ಕಟ್ಟನ್ನು ಕೂಡಿಸಿದ ಕ್ರಮದಲ್ಲಿ ಲೋಪವಿದ್ದುದಕ್ಕಾಗಿ ಡಿಜೈರ್, ಸ್ವಿಫ್ಟ್ ಹಾಗೂ ರಿಟ್ಜ್ ಮಾದರಿಯ 69,555 ಡೀಸೆಲ್ ಕಾರುಗಳನ್ನು ಕರೆಸಿತು. ಅವು 2010ರ ಮಾರ್ಚ್‌ನಿಂದ 2013ರ ಆಗಸ್ಟ್‌ವರೆಗೆ ತಯಾರಾದವು. ಅಂದರೆ ಕೆಲವು ಕಾರುಗಳು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ರಸ್ತೆಯಲ್ಲಿದ್ದ ಬಳಿಕ ಕರೆ ಬಂದಿತ್ತು. ಇದೇ ಕಂಪೆನಿಯು 2021ರ ಸೆಪ್ಟೆಂಬರ್‌ನಲ್ಲಿ ಮೋಟಾರ್ ಜನರೇಟರ್ ಘಟಕದ ತಪಾಸಣೆಗಾಗಿ ಸಿಯಾಜ್, ಎರ್ಟಿಗಾ, ವಿಟಾರಾ ಬ್ರೆಜಾ, ಎಸ್-ಕ್ರಾಸ್ ಮತ್ತು ಎಕ್ಸ್‌ಎಲ್6 ಮಾದರಿಯ 1,81,754 ಪೆಟ್ರೋಲ್ ವಾಹನಗಳನ್ನು ಕರೆಸಿತು. ಭಾಗ ಬದಲಿಸುವವರೆಗೆ ನೀರು ನಿಂತ ಕಡೆ ವಾಹನ ಓಡಿಸಬಾರದು, ವಿದ್ಯುತ್ ಭಾಗಗಳ ಮೇಲೆ ನೇರವಾಗಿ ನೀರು ಹಾಯಿಸಬಾರದು ಎಂದೂ ಸೂಚಿಸಿತ್ತು. ಪೈಪು ಹಿಡಿದು ಇಂಜಿನ್ ಭಾಗವನ್ನೇ ತೊಳೆಯುವ ರೂಢಿಯಿರುವಲ್ಲಿ ಇಂಥ ಸೂಚನೆಯ ಮಹತ್ವವನ್ನು ವಿವರಿಸಿ ಹೇಳಬೇಕಾಗಿಲ್ಲ.

2023ರ ಆಗಸ್ಟ್‌ನಲ್ಲಿ ಮಹೀಂದ್ರಾ ಕಂಪೆನಿಯು ಇಂಜಿನ್ ಭಾಗದಲ್ಲಿ ತಂತಿಗಳು ಉಜ್ಜಿ ಹರಿಯುವ ಸಾಧ್ಯತೆಯನ್ನು ಪರೀಕ್ಷಿಸಲು 1,08,306 ಎಕ್ಸ್‌ಯುವಿ700 ವಾಹನಗಳನ್ನು ಕರೆಸಿತು. ವಿದ್ಯುತ್ ಚಾಲಿತ ದ್ವಿಚಕ್ರ ವಾಹನಗಳಿಗೆ ಬೆಂಕಿ ತಗುಲಿದ ಸರಣಿ ಘಟನೆಗಳ ನಂತರ 2022ರ ಏಪ್ರಿಲ್‌ನಲ್ಲಿ ಓಕಿನಾವಾ 3,215 ಸ್ಕೂಟರುಗಳನ್ನೂ ಓಲಾ 1,441 ಸ್ಕೂಟರುಗಳನ್ನೂ ತಪಾಸಣೆಗೆ ಕರೆಸಿದವು. ಆ ಬಳಿಕ ಕೇಂದ್ರ ಸರಕಾರವು ಬ್ಯಾಟರಿ ಸುರಕ್ಷತೆಯ ಮಾನದಂಡಗಳನ್ನು ಬಿಗಿಗೊಳಿಸಿತು.

ಕರೆ ತಡವಾದರೆ ಆಗುವ ಅನಾಹುತಕ್ಕೆ ಅಮೆರಿಕದ ಜನರಲ್ ಮೋಟಾರ್ಸ್ ಪ್ರಕರಣವೇ ಸಾಕ್ಷಿ. ಅದರ ಕೆಲವು ಕಾರುಗಳ ಇಗ್ನಿಷನ್ ಸ್ವಿಚ್ ಓಡುತ್ತಿರುವಾಗಲೇ ಜಾರಿ, ಇಂಜಿನ್ ನಿಂತು, ಏರ್‌ಬ್ಯಾಗ್ ಕೂಡ ಕೆಲಸ ಮಾಡದಂತಾಗುತ್ತಿತ್ತು. ಕಂಪೆನಿಯ ಒಳಗಿನವರಿಗೆ ದೋಷದ ಸುಳಿವು ವರ್ಷಗಳ ಹಿಂದೆಯೇ ಇದ್ದರೂ ರೀಕಾಲ್ ಆದದ್ದು 2014ರಲ್ಲಿ. ಕಂಪೆನಿ ಸ್ಥಾಪಿಸಿದ ಪರಿಹಾರ ನಿಧಿಯೇ ಒಟ್ಟು 124 ಸಾವುಗಳನ್ನು ಒಪ್ಪಿಕೊಂಡಿತು.

ಕಾನೂನಿನ ಬಲ

ಭಾರತದಲ್ಲಿ 2012ರ ಜುಲೈನಿಂದ ವಾಹನ ತಯಾರಕರ ಒಕ್ಕೂಟವಾದ ಸಿಯಾಮ್ ರೂಪಿಸಿದ ಸ್ವಯಂಪ್ರೇರಿತ ನೀತಿ ಮಾತ್ರ ಜಾರಿಯಲ್ಲಿತ್ತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಗಿ 110ಎ ಕಲಮು ಸೇರಿತು. ಇದರನ್ವಯ ರೂಪಿಸಿದ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ನಿಗದಿತ ಸಂಖ್ಯೆಯ ಮಾಲೀಕರಿಂದ ದೂರುಗಳು ಬಂದಾಗ ತನಿಖೆ ನಡೆಸಿ, ವಾಹನಗಳನ್ನು ವಾಪಸು ಕರೆಸುವಂತೆ ಸರಕಾರವೇ ಆದೇಶಿಸಬಹುದು. ತಾನಾಗಿ ಕರೆಸದ ಕಂಪೆನಿಗೆ 10 ಲಕ್ಷ ರೂ.ನಿಂದ 1 ಕೋಟಿ ರೂ.ವರೆಗೆ ದಂಡ ವಿಧಿಸಲು ಅವಕಾಶವಿದೆ. ದೋಷವನ್ನು ತಾನೇ ಗುರುತಿಸಿ ಸರಕಾರಕ್ಕೆ ತಿಳಿಸಿ ಕರೆಸಿಕೊಂಡರೆ ಈ ದಂಡವಿಲ್ಲ. ಈ ನಿಯಮ ಏಳು ವರ್ಷಕ್ಕಿಂತ ಕಡಿಮೆ ವಯಸ್ಸಿನ ವಾಹನಗಳಿಗೆ ಅನ್ವಯಿಸುತ್ತದೆ.

ದೂರುಗಳ ಸಂಖ್ಯೆಯೇ ಇಲ್ಲಿ ಮುಖ್ಯ. ಒಂದೇ ಮಾದರಿಯ ಗಾಡಿಗಳಲ್ಲಿ ಮತ್ತೆ ಮತ್ತೆ ಒಂದೇ ಕಡೆ ತಂತಿ ಸುಡುತ್ತಿದ್ದರೆ, ಮಾಲೀಕರು ಗ್ಯಾರೇಜಿನಲ್ಲಿ ಗೊಣಗಿ ಸುಮ್ಮನಾದರೆ ಸಾಲದು. ಕೇಂದ್ರ ಸಾರಿಗೆ ಇಲಾಖೆಯ ವಾಹನ್ ಜಾಲತಾಣದಲ್ಲಿ ಲಿಖಿತವಾಗಿ ದೂರು ದಾಖಲಿಸಬೇಕು. ದಾಖಲಾಗದ ದೂರು ಲೆಕ್ಕಕ್ಕೆ ಬರುವುದಿಲ್ಲ.

ಸೂಚನೆ ದಾರಿ ತಪ್ಪುವುದೆಲ್ಲಿ?

ಕಂಪೆನಿಯ ಪತ್ರ ಅಥವಾ ದೂರವಾಣಿ ಕರೆ ಹೋಗುವುದು ಅದರ ದಾಖಲೆಯಲ್ಲಿರುವ ವಿಳಾಸಕ್ಕೆ. ಬೆಂಗಳೂರಿನಲ್ಲಿಯೋ ಹೈದರಾಬಾದಿನಲ್ಲಿಯೋ ಮೊದಲು ಮಾರಾಟವಾದ ವಾಹನವು ಎರಡು ಮೂರು ಕೈ ಬದಲಿಸಿ ಜವಳಗೇರಾಕ್ಕೆ ಬಂದಿದ್ದರೆ, ಕರೆ ಮೊದಲ ಮಾಲೀಕರಿಗೆ ಹೋಗಿ ಅಲ್ಲಿಯೇ ನಿಂತುಬಿಡುತ್ತದೆ. ಬಾಂಡ್ ಪೇಪರಿನ ಮೇಲೆ ಬರೆಸಿಕೊಂಡು, ಆರ್.ಸಿ. ಪುಸ್ತಕದಲ್ಲಿ ಹೆಸರು ಬದಲಿಸದೆ ವರ್ಷಗಟ್ಟಲೆ ಗಾಡಿ ಓಡಿಸುವವರು ಈ ಭಾಗದಲ್ಲಿ ವಿರಳವೇನಲ್ಲ. ಕಾಯ್ದೆಯ ಪ್ರಕಾರ ಮಾರಿದವರು ರಾಜ್ಯದೊಳಗಾದರೆ 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ಸಾರಿಗೆ ಕಚೇರಿಗೆ ತಿಳಿಸಬೇಕು. ಇದನ್ನು ತೆರಿಗೆ, ಪೊಲೀಸ್ ತಪಾಸಣೆಗಳ ದೃಷ್ಟಿಯಿಂದ ಮಾತ್ರ ನೋಡುವುದು ವಾಡಿಕೆ. ಆದರೆ ಹೆಸರು ಬದಲಾಗದ ಗಾಡಿಯ ಮಾಲೀಕರು ಕಂಪೆನಿಯ ಕಣ್ಣಿಗೆ ಇಲ್ಲದವರೇ. ಆದುದರಿಂದ ಹಳೆಯ ವಾಹನ ಕೊಂಡವರು ಸೂಚನೆ ಬರಲೆಂದು ಕಾಯದೆ ತಾವೇ ವಿಚಾರಿಸಬೇಕು.

ಮಾಲೀಕರು ಅನುಸರಿಸಬೇಕಾದ ಕ್ರಮಗಳು

1. ಆರ್.ಸಿ.ಯಲ್ಲಿರುವ 17 ಅಕ್ಷರ-ಅಂಕಿಗಳ ಚಾಸಿಸ್ ನಂಬರನ್ನು ಬರೆದಿಟ್ಟುಕೊಂಡು, ಆಯಾ ಕಂಪೆನಿಯ ಅಧಿಕೃತ ಸರ್ವೀಸ್ ಕೇಂದ್ರಕ್ಕೆ ಕೊಟ್ಟು ಬಾಕಿ ಉಳಿದ ರೀಕಾಲ್ ಇದೆಯೇ ಎಂದು ಕೇಳಬೇಕು. ವರ್ಷಕ್ಕೊಮ್ಮೆ ವಿಮೆ ನವೀಕರಿಸುವ ದಿನವೇ ಈ ಕೆಲಸ ಮಾಡಿದರೆ ಮರೆಯುವ ಸಂಭವವಿಲ್ಲ. ಹಳೆಯ ವಾಹನ ಕೊಳ್ಳುವವರು ಮುಂಗಡ ಕೊಡುವ ಮೊದಲೇ ವಿಚಾರಿಸಬೇಕು.

2. ಈಗಿನ ವಿಳಾಸ ಹಾಗೂ ಮೊಬೈಲ್ ಸಂಖ್ಯೆಯನ್ನು ಸಾರಿಗೆ ಕಚೇರಿಯಲ್ಲಿಯೂ ಸರ್ವೀಸ್ ಕೇಂದ್ರದಲ್ಲಿಯೂ ದಾಖಲಿಸಬೇಕು.

3. ಸೂಚನೆ ಬಂದರೆ ಅದನ್ನು ಪೂರ್ತಿ ಓದಬೇಕು. ದುರಸ್ತಿಯಾಗುವವರೆಗೆ ವಾಹನ ಓಡಿಸಬಹುದೇ, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಕೇಳಿ ತಿಳಿಯಬೇಕು. ಬೆಂಕಿಯ ಅಪಾಯವಿದೆಯೆಂದಾದರೆ ಗಾಡಿಯನ್ನು ಗೋದಾಮು, ಮನೆ, ಚೀಲಗಳ ರಾಶಿಯಿಂದ ದೂರ, ಬಯಲಿನಲ್ಲಿ ನಿಲ್ಲಿಸಬೇಕು. ಸುಗ್ಗಿ ಮುಗಿಯಲೆಂದು ಮುಂದೂಡುವುದು ತರವಲ್ಲ. ಬಾಡಿಗೆ ಹೆಚ್ಚಿರುವ ದಿನಗಳಲ್ಲಿಯೇ ಗಾಡಿಯ ಮೇಲೆ ಹೊರೆಯೂ ಹೆಚ್ಚಿರುತ್ತದೆ.

4. ಕೆಲಸ ಮುಗಿದ ಮೇಲೆ ಯಾವ ಭಾಗ ಬದಲಾಯಿತೆಂಬುದನ್ನು ಜಾಬ್ ಕಾರ್ಡಿನಲ್ಲಿ ಬರೆಸಿ ಪಡೆದು, ಆರ್.ಸಿ.ಯೊಡನೆ ಇಡಬೇಕು. ಮುಂದೆ ಗಾಡಿ ಮಾರುವಾಗ ಇದೊಂದು ಯೋಗ್ಯತಾಪತ್ರದಂತೆ ನೆರವಾಗುತ್ತದೆ.

5. ರೀಕಾಲ್ ಹೆಸರಿನಲ್ಲಿ ಯಾರಾದರೂ ದೂರವಾಣಿಯಲ್ಲಿ ಹಣ ಅಥವಾ ಓಟಿಪಿ ಕೇಳಿದರೆ ಕೊಡಬಾರದು. ನೇರವಾಗಿ ಸರ್ವೀಸ್ ಕೇಂದ್ರವನ್ನೇ ಸಂಪರ್ಕಿಸಬೇಕು.

6. ಓಡುವಾಗ ಸುಟ್ಟ ವಾಸನೆ ಬಂದರೆ ಗಾಡಿಯನ್ನು ಬದಿಗೆ ನಿಲ್ಲಿಸಿ, ಕೀಲಿ ತೆಗೆದು, ಎಲ್ಲರೂ ದೂರ ಸರಿಯಬೇಕು. ಹೊಗೆ ಕಂಡ ಬಾನೆಟ್ ತೆರೆದರೆ ಗಾಳಿ ಸೇರಿ ಬೆಂಕಿ ಭುಗಿಲೇಳುತ್ತದೆ. ಸಹಾಯಕ್ಕೆ 112ಕ್ಕೆ ಕರೆ ಮಾಡಬೇಕು.

ಮಾಲೀಕರ ಪಾಲಿನ ತಪ್ಪು

ಎಲ್ಲ ಬೆಂಕಿಗೂ ಕಂಪೆನಿಯೇ ಹೊಣೆಯಲ್ಲ. ಫ್ಯೂಸ್ ಸುಟ್ಟಾಗ ಅದರ ಜಾಗದಲ್ಲಿ ತಂತಿಯ ಎಳೆ ಸುತ್ತುವುದು, ಹೆಚ್ಚುವರಿ ಲೈಟು, ಹಾರ್ನು, ಟೇಪು ಕೂಡಿಸಲು ಮೂಲ ವೈರನ್ನು ಕತ್ತರಿಸಿ ಬರಿ ಟೇಪು ಸುತ್ತಿ ಬಿಡುವುದು ಸರ್ವೇಸಾಮಾನ್ಯ. ಹೆಚ್ಚು ವಿದ್ಯುತ್ ಹರಿದಾಗ ತಾನು ಸುಟ್ಟು ಗಾಡಿಯನ್ನು ಉಳಿಸುವುದೇ ಫ್ಯೂಸಿನ ಕೆಲಸ. ತಂತಿ ಸುತ್ತಿದರೆ ಫ್ಯೂಸಿನ ಬದಲು ಗಾಡಿಯೇ ಸುಡುತ್ತದೆ. ಗಿರಣಿಯ ಅಂಗಳದಲ್ಲಿ ನಿಲ್ಲುವ ವಾಹನಗಳ ವೈರನ್ನು ಇಲಿಗಳು ಕಡಿಯುವುದೂ ಉಂಟು. ತಿಂಗಳಿಗೊಮ್ಮೆ ಪರೀಕ್ಷಿಸುವುದು ಕ್ಷೇಮ. ವೈರಿಂಗ್ ಬದಲಿಸಿದ ವಾಹನ ಸುಟ್ಟಾಗ ಕಂಪೆನಿಯೂ ವಿಮಾ ಸಂಸ್ಥೆಯೂ ಮೊದಲು ಬೊಟ್ಟು ಮಾಡುವುದು ಆ ಬದಲಾವಣೆಯತ್ತ ಎಂಬುದನ್ನು ಮರೆಯಬಾರದು.

ವಿಮೆ ಮತ್ತು ಪರಿಹಾರ

ಸಮಗ್ರ ವಿಮೆಯಲ್ಲಿ ಬೆಂಕಿ ಹಾಗೂ ತಾನಾಗಿ ಹೊತ್ತಿಕೊಳ್ಳುವುದರಿಂದ ವಾಹನಕ್ಕಾಗುವ ನಷ್ಟ ಸೇರಿರುತ್ತದೆ. ಕೇವಲ ಥರ್ಡ್ ಪಾರ್ಟಿ ವಿಮೆ ಇದ್ದವರಿಗೆ ತಮ್ಮ ವಾಹನದ ನಷ್ಟ ಸಿಗದು. ವಾಹನದ ವಿಮೆಯು ಅದರಲ್ಲಿರುವ ಸರಕಿಗೆ ಅನ್ವಯಿಸುವುದಿಲ್ಲವೆಂಬುದನ್ನು ವರ್ತಕರು ವಿಶೇಷವಾಗಿ ಗಮನಿಸಬೇಕು. ಲೋಡು ಅಕ್ಕಿಗೆ ಪ್ರತ್ಯೇಕ ಸಾಗಣೆ ವಿಮೆ ಬೇಕು.

ಸರ್ವೀಸ್ ಕೇಂದ್ರವು ರೀಕಾಲ್ ಕೆಲಸ ಮಾಡಿಕೊಡಲು ನಿರಾಕರಿಸಿದರೆ ಕಂಪೆನಿಗೆ ಲಿಖಿತವಾಗಿ ತಿಳಿಸಿ, ಫಲಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಅಥವಾ ಜಿಲ್ಲಾ ಗ್ರಾಹಕ ಆಯೋಗವನ್ನು ಸಂಪರ್ಕಿಸಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ವಾಣಿಜ್ಯ ಉದ್ದೇಶದ ಖರೀದಿಯನ್ನು ಹೊರಗಿಟ್ಟಿದ್ದರೂ, ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ಮಾತ್ರ ಕೊಂಡ ವಸ್ತುವನ್ನು ಆ ವಿನಾಯಿತಿಯಿಂದ ಬಿಟ್ಟಿದೆ. ಒಂದೇ ಗಾಡಿಯನ್ನು ತಾವೇ ಓಡಿಸಿ ಹೊಟ್ಟೆ ಹೊರೆಯುವವರಿಗೆ ಇದು ಆಸರೆಯಾಗಬಲ್ಲದು.

ರೀಕಾಲ್ ಎಂದರೆ ಗಾಡಿ ಕೆಟ್ಟದ್ದು ಎಂಬ ಮುದ್ರೆಯಲ್ಲ. ಕೊಂಡವರ ಮನೆ ಬಾಗಿಲಿಗೆ ಬಂದ ಹಕ್ಕು. ಅದನ್ನು ಪಡೆಯಲು ತಗಲುವ ವೆಚ್ಚವೆಂದರೆ ಒಂದು ದೂರವಾಣಿ ಕರೆ ಹಾಗೂ ಅರ್ಧ ದಿನದ ಬಾಡಿಗೆ ಮಾತ್ರ. ಸುಗ್ಗಿಗೆ ಮೊದಲು ತಕ್ಕಡಿ ತೂಕ ಪರೀಕ್ಷಿಸಿಕೊಳ್ಳುವ ವರ್ತಕ ಬಾಂಧವರು ಅದರ ಜೊತೆಗೆ ತಮ್ಮ ಗಾಡಿಯ ಚಾಸಿಸ್ ನಂಬರನ್ನೂ ಒಮ್ಮೆ ಪರೀಕ್ಷಿಸಿಕೊಂಡರೆ, ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಪ್ರಸಂಗ ಬಾರದು.