ಬೇಟೆಯ ಜಿಂಕೆ ಗಡಿ ದಾಟಬಹುದೇ?

ಪ್ರಶ್ನೆ: ಅಮೆರಿಕದಲ್ಲಿ ಬೇಟೆಯಾಡಿದ ಜಿಂಕೆಯನ್ನು ರಾಜ್ಯದಿಂದ ರಾಜ್ಯಕ್ಕೆ ಒಯ್ಯಲು ರೋಗಸಂಬಂಧವಾದ ನಿಯಮಗಳಿವೆಯಂತೆ. ನಮ್ಮಲ್ಲಿ ಹೇಗೆ? (ಓದುಗರೊಬ್ಬರು, ನಾಗಪುರ)

ಉತ್ತರ: ನಮ್ಮಲ್ಲಿ ಈ ಪ್ರಶ್ನೆ ಗಡಿಯವರೆಗೆ ಬರುವುದೇ ಇಲ್ಲ, ಏಕೆಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 9ನೆಯ ಕಲಮು ಜಿಂಕೆ, ಕಡವೆಗಳ ಬೇಟೆಯನ್ನೇ ನಿಷೇಧಿಸಿ, 39ನೆಯದು ಸತ್ತುಬಿದ್ದ ಮೃಗವನ್ನೂ ಸರ್ಕಾರದ ಸ್ವತ್ತೆಂದು ಸಾರಿ, 48ಎ ಕಲಮು ಅನುಮತಿಯುಂಟೇ ಎಂದು ವಿಚಾರಿಸದೆ ಅಂಥ ಸರಕನ್ನು ಹೇರಿಕೊಳ್ಳುವ ಲಾರಿಯವನನ್ನೂ ಹೊಣೆಗಾರನನ್ನಾಗಿಸಿರುವುದರಿಂದ, ಪೆಂಚ್ ಕಾಡಿನ ಜಿಂಕೆಯ ತುಂಡು ಮಾಂಸವೂ ನಾಗಪುರದಿಂದ ಸಿವನಿಗೆ ನ್ಯಾಯವಾಗಿ ಹೋಗಲಾರದು.

ಅಮೆರಿಕದವರ ಭೀತಿಯೇ ಬೇರೆ. 1967ರಲ್ಲಿ ಕೊಲೊರಾಡೊದಲ್ಲಿ ಮೊದಲು ಗಮನಕ್ಕೆ ಬಂದು, ಜಿಂಕೆಗಳನ್ನು ಕೃಶಗೊಳಿಸಿ ಕೊಲ್ಲುವ ವ್ಯಾಧಿಯೊಂದು, ಪ್ರಿಯಾನ್ ಎಂಬ ವಿಕೃತ ಪ್ರೋಟೀನಿನ ರೂಪದಲ್ಲಿ ಮಿದುಳು, ಬೆನ್ನುಹುರಿಗಳಲ್ಲಿ ನೆಲಸಿ, ಮಣ್ಣಿನಲ್ಲಿಯೂ ವರ್ಷಗಟ್ಟಲೆ ಉಳಿಯುವುದರಿಂದ, ಅಲ್ಲಿಯ ಅನೇಕ ರಾಜ್ಯಗಳು ಇಡಿಯ ಕಳೇಬರವನ್ನು ತಡೆದು, ಮೂಳೆ ಬಿಡಿಸಿದ ಮಾಂಸವನ್ನೂ ಶುದ್ಧಗೊಳಿಸಿದ ಕೊಂಬನ್ನೂ ಮಾತ್ರ ಒಳಬಿಡುತ್ತವೆ. ಬೇಟೆಗೆ ಅನುಮತಿಯಿರುವ ದೇಶಕ್ಕೆ ಇದು ವಿವೇಕದ ಕ್ರಮವೇ ಸರಿ.

ಹಾಗೆಂದು ರೋಗಭಯ ನಮಗಿಲ್ಲವೆಂದಲ್ಲ. 2024ರ ಡಿಸೆಂಬರಿನಲ್ಲಿ ನಿಮ್ಮೂರಿನ ಗೋರೇವಾಡಾ ರಕ್ಷಣಾ ಕೇಂದ್ರದಲ್ಲಿ ಮೂರು ಹುಲಿಗಳೂ ಒಂದು ಚಿರತೆಯೂ ಅಸುನೀಗಿದಾಗ, ಅವುಗಳ ದೇಹದ ಮಾದರಿಗಳು ರಾಜ್ಯದ ಗಡಿ ದಾಟಿ ಭೋಪಾಲದ ಪಶುರೋಗ ಪ್ರಯೋಗಾಲಯಕ್ಕೆ ಹೋದವು. ಎಚ್5ಎನ್1 ಹಕ್ಕಿಜ್ವರವೆಂಬ ನಿರ್ಣಯ ಅಲ್ಲಿಂದ ಬಂದಿತು. ಜಿಂಕೆಯ ವಿಷಯದಲ್ಲಿಯೂ ಸಕ್ರಮವಾಗಿ ಗಡಿ ದಾಟುವುದು, ಅಧಿಕಾರಿಗಳ ಅಪ್ಪಣೆಯಿಂದ ಹೋಗುವ ಇಂಥ ಮಾದರಿಯೇ ಹೊರತು ಬೇಟೆಗಾರನ ಬುತ್ತಿಯಲ್ಲ. ದಾರಿಯಲ್ಲಿ ಸತ್ತ ಜಿಂಕೆ ಕಂಡರೆ ಮುಟ್ಟದೆ, ಅರಣ್ಯ ಇಲಾಖೆಯ 1926 ಸಂಖ್ಯೆಗೆ ತಿಳಿಸಿರಿ.