ತಪ್ಪು ಮೌಸ್‌ನದಲ್ಲ, ಮೇಜಿನದು!

ಇಂಟರ್ನ್‌ಷಿಪ್‌ಗೆ ಆನ್‌ಲೈನ್ ಪರೀಕ್ಷೆ. ಚಿಕ್ಕಮ್ಮನ ಮನೆಯ ಗಾಜಿನ ಟೀಪಾಯಿ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೂತೆ. ‘ಬಿ’ ಉತ್ತರ ಒತ್ತಲು ಹೋದರೆ ಕರ್ಸರ್ ‘ಡಿ’ ಮೇಲೆ ಜಿಗಿಯಿತು! ಮೌಸ್ ಕುಟ್ಟಿದೆ, ಬೈದೆ. ಹತ್ತು ನಿಮಿಷ ಹಾಳಾಯಿತು. ಕೊನೆಗೆ ಕೈ ಜಾರಿ ಮೌಸ್ ರಫ್ ಹಾಳೆ ಮೇಲೆ ಬಂತು, ಕರ್ಸರ್ ತೆಪ್ಪಗಾಯಿತು.

ಆಮೇಲೆ ಕಾರಣ ಹುಡುಕಿದೆ. ಆಪ್ಟಿಕಲ್ ಮೌಸ್‌ನ ಹೊಟ್ಟೆಯಲ್ಲಿ ಪುಟ್ಟ ಕ್ಯಾಮೆರಾ ಇದೆ. ಎಲ್‌ಇಡಿ ಬೆಳಕಿನಲ್ಲಿ ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಚಿತ್ರ ತೆಗೆದು, ಒಂದನ್ನೊಂದು ಹೋಲಿಸಿ ಚಲನೆಯನ್ನು ಲೆಕ್ಕ ಹಾಕುತ್ತದೆ. ನುಣುಪಾದ ಗಾಜಿನಲ್ಲಿ ಹೋಲಿಸಲು ಗುರುತೇ ಸಿಗದು. ಥಳಥಳ ಹೊಳೆಯುವ ಸನ್‌ಮೈಕಾ ಕೂಡ ಅದನ್ನು ಗೊಂದಲಕ್ಕೀಡು ಮಾಡಬಹುದು. ಹೊಳಪಿಲ್ಲದ ಕಾಗದ, ಬಟ್ಟೆಯ ಪ್ಯಾಡ್, ಪಾಲಿಶ್ ಇಲ್ಲದ ಮರ ಒಳ್ಳೆಯದು.

ನಾನು ಆಯ್ಕೆಯಾಗಲಿಲ್ಲ. ಪರೀಕ್ಷೆಗೆ ತಿಂಗಳುಗಟ್ಟಲೆ ಓದಿದ್ದೆ, ಮೇಜನ್ನು ಒಂದು ನಿಮಿಷ ಪರೀಕ್ಷಿಸಿರಲಿಲ್ಲ. ಮುಂದಿನ ಸಲಕ್ಕೆ ಹಾಳೆ ಸಿದ್ಧ. ನಿಮ್ಮ ಬಳಿಯೂ ಒಂದಿರಲಿ.