ಹಾಡಿನ ಲೆಕ್ಕವಿಡುವ ಸರಪಳಿ

ನಮ್ಮ ಚಿಕ್ಕೋಡಿ, ರಾಯಬಾಗ, ಕಾಗವಾಡಗಳ ಕಡೆ ಭಜನೆ, ಚೌಡಕಿ ಪದಗಳಿಗೆ ಬರಗಾಲವಿಲ್ಲ. ಅಥಣಿಯ ಗಾಯಕಿಯೊಬ್ಬರ ಪದವನ್ನು ಯಾರೋ ಧ್ವನಿಮುದ್ರಿಸಿ ಅಂತರ್ಜಾಲದಲ್ಲಿ ಮಾರಿದರೆಂದು ಊಹಿಸೋಣ. ಜನಪದವು ಎಲ್ಲರ ಸ್ವತ್ತು, ನಿಜ. ಆದರೆ ಆ ಗಾಯನವು ಆಕೆಯದು. ನಮ್ಮ ಕೃತಿಸ್ವಾಮ್ಯ ಕಾಯಿದೆಯು ಪ್ರದರ್ಶಕರಿಗೆ 50 ವರ್ಷಗಳ ಹಕ್ಕನ್ನು ಕೊಟ್ಟಿದೆ. 2012ರ ತಿದ್ದುಪಡಿಯು ರಾಯಧನವನ್ನೂ ಸೇರಿಸಿತು. ಹಕ್ಕೇನೋ ಉಂಟು, ಲೆಕ್ಕವೆಲ್ಲಿ?

ಬ್ಲಾಕ್‌ಚೈನ್ ಎಂಬುದು ಇಂಥ ಲೆಕ್ಕವಿಡುವ ಒಂದು ವಿಧಾನ. ನಿಪ್ಪಾಣಿಯ ತಂಬಾಕು ವ್ಯಾಪಾರಿಯ ಕಿರ್ದಿಯು ಅವನ ಅಂಗಡಿಯಲ್ಲಿ ಮಾತ್ರ ಇರುತ್ತದೆ. ಈ ಕಿರ್ದಿಯ ಪ್ರತಿಗಳಾದರೋ ಅನೇಕ ಗಣಕಯಂತ್ರಗಳಲ್ಲಿರುತ್ತವೆ. ಪ್ರತಿಯೊಂದು ಪುಟದಲ್ಲಿಯೂ ಹಿಂದಿನ ಪುಟದಿಂದ ಗಣಿತದ ಮೂಲಕ ಪಡೆದ ಗುರುತೊಂದಿರುತ್ತದೆ. ಇದಕ್ಕೆ ಹ್ಯಾಶ್ ಎಂದು ಹೆಸರು. ಹಳೆಯ ಪುಟದ ಒಂದಕ್ಷರವನ್ನು ತಿದ್ದಿದರೂ ಅದರ ಗುರುತು ಬದಲಾಗಿ, ಮುಂದಿನ ಪುಟದೊಡನೆ ತಾಳೆಯಾಗದೆ ಮೋಸವು ಬಯಲಾಗುತ್ತದೆ. ಹಾಡು ಮಾರಿದೊಡನೆ ಹಾಡಿದವರಿಗಿಷ್ಟು, ಚೌಡಕಿ ನುಡಿಸಿದವರಿಗಿಷ್ಟು ಎಂಬ ಕರಾರನ್ನೂ ಅದರಲ್ಲಿ ಬರೆದಿಡಬಹುದು. 2015ರಲ್ಲಿ ಇಂಗ್ಲೆಂಡಿನ ಗಾಯಕಿ ಇಮೊಜೆನ್ ಹೀಪ್ ತಮ್ಮ ‘ಟೈನಿ ಹ್ಯೂಮನ್’ ಎಂಬ ಹಾಡನ್ನು ಎಥೀರಿಯಂ ಸರಪಳಿಯಲ್ಲಿ ಹೀಗೆ ಮಾರಾಟಕ್ಕಿಟ್ಟರು.

ಆದರೆ ಸರಪಳಿಯು ಬರೆದುದನ್ನು ಕಾಯುತ್ತದೆಯೇ ಹೊರತು ಅದರ ಸತ್ಯಾಸತ್ಯವನ್ನು ಪರೀಕ್ಷಿಸುವುದಿಲ್ಲ. ಕದ್ದವನೇ ಮೊದಲು ತನ್ನ ಹೆಸರನ್ನು ಬರೆಸಿದರೆ ಸುಳ್ಳೇ ಸ್ಥಿರವಾದೀತು. ಆದುದರಿಂದ ಜಾತ್ರೆಯಲ್ಲಿ ಹಾಡನ್ನು ಧ್ವನಿಮುದ್ರಿಸುವ ವಿದ್ಯಾರ್ಥಿಗಳು ಹಾಡಿದವರ ಹೆಸರು, ಊರು, ದಿನಾಂಕಗಳನ್ನು ಅಲ್ಲಿಯೇ ಬರೆದುಕೊಳ್ಳಬೇಕು. ಸರಪಳಿಯ ಮೊದಲ ಕೊಂಡಿ ಅದೇ.